ಮಣ್ಣು ಬಿಟ್ಟ ಹಂದಿಗೆ ಮೂಟೆಯ ಖನಿಜ

ಗೋವಾದ ಹಳೆಯ ಹಿತ್ತಿಲುಗಳಲ್ಲಿ ಹಂದಿಗೆ ಯಾರೂ ಖನಿಜ ಮಿಶ್ರಣ ಹಾಕುತ್ತಿರಲಿಲ್ಲ. ಅದು ದಿನವಿಡೀ ಜಂಬಿಟ್ಟಿಗೆಯ ಕೆಂಪು ಮಣ್ಣು ಕೆದರುತ್ತಿತ್ತು, ಬೇರು, ಹುಳು, ಉದುರಿದ ಗೇರುಹಣ್ಣು ತಿನ್ನುತ್ತಿತ್ತು. ಪಾಯಿಖಾನೆ ಶುಚಿ ಮಾಡುವುದೂ ಅದರ ಪಾಲಿಗೇ ಬಂದಿತ್ತು. ಆ ಪಾಯಿಖಾನೆಗಳು ಹೋದವು, ಬೇಲಿಗಳು ಎದ್ದವು, ಹಂದಿ ಸಿಮೆಂಟ್ ನೆಲ ಸೇರಿತು. ಹೋಟೆಲ್ ಮುಸುರೆ ತಂದು ನಾಲ್ಕಾರು ಹಂದಿ ಸಾಕುವ ಇಲ್ಲಿನ ನಮ್ಮ ಉತ್ತರ ಕರ್ನಾಟಕದವರು ಕೇಳುವ ಪ್ರಶ್ನೆ ಸರಿಯಾದದ್ದೇ: 'ಮೊದಲ ಏನೂ ಹಾಕದ ಬೆಳೀತಿದ್ವಲ್ಲ, ಈಗ್ಯಾಕ್ರೀ ಈ ಪುಡಿ?' ಉತ್ತರ ಕಾಲಡಿಯ ನೆಲದಲ್ಲಿದೆ.

ಕೊರತೆಯೆಂದು ಮೊದಲು ಪತ್ತೆಯಾದದ್ದು ಕಬ್ಬಿಣ. ಮರಿಹಂದಿ ಹುಟ್ಟುವಾಗ ಮೈಯಲ್ಲಿ ಹೊತ್ತು ತರುವುದು ಸುಮಾರು 40–50 ಮಿಲಿಗ್ರಾಂ ಕಬ್ಬಿಣ. ದಿನಕ್ಕೆ 7ರಿಂದ 10 ಮಿಲಿಗ್ರಾಂ ಬೇಕು, ತಾಯಿಹಾಲು ಕೊಡುವುದು 1ರ ಆಸುಪಾಸು. ವಾರ ಕಳೆಯುವಷ್ಟರಲ್ಲಿ ಗಂಟು ಖಾಲಿ. ತಾಯಿಗೆ ಎಷ್ಟು ಕಬ್ಬಿಣ ತಿನ್ನಿಸಿದರೂ ಅದು ಹಾಲಿಗೆ ಇಳಿಯುವುದಿಲ್ಲ. ಮಣ್ಣಿನಲ್ಲಿ ಮೂತಿ ಹಾಕುವ ಮರಿಗೆ ಈ ಕೊರತೆ ತಟ್ಟುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಗೂಡಿನೊಳಗೇ ಬೆಳೆದ ಮರಿಗಳು ಬಿಳಿಚಿಕೊಂಡು ಸಾಯುವುದಕ್ಕೆ ಇದೇ ಕಾರಣವೆಂದು ಮೆಕ್‌ಗೋವನ್ ಮತ್ತು ಕ್ರೈಟನ್ 1923ರಲ್ಲಿ ತೋರಿಸಿದರು. 1950ರ ದಶಕದಲ್ಲಿ ಐರನ್ ಡೆಕ್ಸ್‌ಟ್ರಾನ್ ಎಂಬ ಕಬ್ಬಿಣದ ಚುಚ್ಚುಮದ್ದು ಬಂದ ಮೇಲೆ ಮದ್ದು ಸುಲಭವಾಯಿತು.

ಲಕ್ಷಣ ಕಾಣುವುದು ಎರಡು-ಮೂರನೇ ವಾರದಲ್ಲಿ. ಕೂದಲು ಒರಟು, ಚರ್ಮ ಸಡಿಲ, ಸ್ವಲ್ಪ ಓಡಿದರೂ ಪಕ್ಕೆ ಡಬಡಬ ಬಡಿದುಕೊಳ್ಳುತ್ತದೆ. ಕಪ್ಪು ಮರಿಯಾದರೆ ಕಿವಿ ನೋಡಿ ಫಲವಿಲ್ಲ, ಕಣ್ಣರೆಪ್ಪೆಯ ಒಳಬದಿಯನ್ನೂ ಒಸಡನ್ನೂ ನೋಡಬೇಕು. ಚೆನ್ನಾಗಿ ಮೈ ತುಂಬಿಕೊಳ್ಳುತ್ತಿದ್ದ ಮರಿಯೇ ಎಷ್ಟೋ ಸಲ ಮೊದಲು ಸಾಯುತ್ತದೆ. ಬೇಗ ಬೆಳೆದಷ್ಟೂ ಕಬ್ಬಿಣದ ಖರ್ಚು ಜಾಸ್ತಿ. ಚುಚ್ಚುಮದ್ದು ಕೊಡಬೇಕಾದದ್ದು ಹುಟ್ಟಿದ ಮೂರನೇ ದಿನದ ಆಸುಪಾಸಿನಲ್ಲಿ: ಕಬ್ಬಿಣ 200 ಮಿಲಿಗ್ರಾಂ, ಅಂದರೆ ಮಿಲಿಗೆ 100 ಮಿಲಿಗ್ರಾಂ ಇರುವ ಔಷಧಿಯಾದರೆ 2 ಮಿಲಿ, ಕಿವಿಯ ಹಿಂದಿನ ಕತ್ತಿನ ಸ್ನಾಯುವಿಗೆ. ಮೊದಲು ಬೆರಳಿನಿಂದ ಚರ್ಮವನ್ನು ಪಕ್ಕಕ್ಕೆ ಎಳೆದು ಹಿಡಿದು ಸೂಜಿ ಹಾಕಿ. ಬಿಟ್ಟಾಗ ಚರ್ಮ ಜಾರಿ ತೂತು ಮುಚ್ಚಿಕೊಳ್ಳುತ್ತದೆ, ಕಂದು ಔಷಧಿ ಹೊರಗೆ ಸುರಿಯುವುದಿಲ್ಲ. ತೊಡೆಗೆ ಚುಚ್ಚಿದರೆ ಮಾಂಸದಲ್ಲಿ ಕಲೆ ಉಳಿದೀತು. ಚುಚ್ಚಿದ ಕೆಲವೇ ಗಂಟೆಯಲ್ಲಿ ಮರಿಗಳು ಸತ್ತರೆ ಔಷಧಿಯನ್ನು ಬೈಯುವ ಮುಂಚೆ ತಾಯಿಗೆ ವಿಟಮಿನ್ ಇ ಮತ್ತು ಸೆಲೆನಿಯಂ ಸಿಕ್ಕಿತ್ತೇ ಎಂದು ನೋಡಿ. ಆ ಕೊರತೆ ಇರುವ ಮರಿಗೆ ಕಬ್ಬಿಣವೇ ವಿಷ. ಅಮೆರಿಕದಲ್ಲಿ ಹಂದಿ ಮೇವಿಗೆ ಸೆಲೆನಿಯಂ ಬೆರೆಸಲು ಒಪ್ಪಿಗೆ ಸಿಕ್ಕಿದ್ದೇ 1974ರಲ್ಲಿ.

ಸತುವಿನ ಕಥೆ ಇದಕ್ಕಿಂತ ಸಿಕ್ಕು. ಹೊಟ್ಟೆ ಅಡಿ, ಕಾಲು, ಕಿವಿಗಳಲ್ಲಿ ಚರ್ಮ ದಪ್ಪಗಾಗಿ ಹುರುಪೆ ಕಟ್ಟುವ ಕಾಯಿಲೆಯನ್ನು ಬಹಳ ಜನ ಕಜ್ಜಿ ಎಂದುಕೊಳ್ಳುತ್ತಾರೆ. ಕಜ್ಜಿಯಾದರೆ ಹಂದಿ ಮೈಯನ್ನು ಗೋಡೆಗೆ ಉಜ್ಜುತ್ತಲೇ ಇರುತ್ತದೆ, ಇದರಲ್ಲಿ ಅಂಥ ತುರಿಕೆ ಇರುವುದಿಲ್ಲ. ಇದು ಸತುವಿಗೆ ಗುಣವಾಗುತ್ತದೆಂದು ಟಕರ್ ಮತ್ತು ಸ್ಯಾಲ್ಮನ್ 1955ರಲ್ಲಿ ತೋರಿಸಿದರು. ವಿಚಿತ್ರವೆಂದರೆ ಆ ಹಂದಿಗಳ ಮೇವಿನಲ್ಲಿ ಎಷ್ಟೋ ಕಡೆ ಸತು ತೀರಾ ಕಡಿಮೆ ಇರಲಿಲ್ಲ, ಸುಣ್ಣ, ಅಂದರೆ ಕ್ಯಾಲ್ಸಿಯಂ, ಜಾಸ್ತಿ ಇತ್ತು. ಕಾಳು, ತೌಡು, ಹಿಂಡಿಗಳಲ್ಲಿರುವ ಫೈಟೇಟ್ ಎಂಬ ರಂಜಕದ (ಫಾಸ್ಫರಸ್) ಸಂಯುಕ್ತ ಕ್ಯಾಲ್ಸಿಯಂ ಜೊತೆ ಸೇರಿ ಸತುವನ್ನು ಕಟ್ಟಿಹಾಕುತ್ತದೆ.

ಗೋವಾದ ಕೊಟ್ಟಿಗೆಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಇಲ್ಲಿ ಅಗ್ಗಕ್ಕೆ ಸಿಗುವುದು ಅಕ್ಕಿ ತೌಡು ಮತ್ತು ಕೊಬ್ಬರಿ ಹಿಂಡಿ. ತೌಡಿನಲ್ಲಿ ರಂಜಕ ಸುಮಾರು ಶೇ 1.5, ಕ್ಯಾಲ್ಸಿಯಂ ಶೇ 0.1ಕ್ಕೂ ಕಡಿಮೆ. ಬರೀ ತೌಡು ತಿಂದ ಹೆಣ್ಣುಹಂದಿ ಮರಿಗಳಿಗೆ ಹಾಲೂಡಿಸಿ ಮುಗಿಸುವಷ್ಟರಲ್ಲಿ ಮೂಳೆ ಟೊಳ್ಳಾಗಿ ಹಿಂಗಾಲು ಕುಸಿದು ಕೂರುತ್ತದೆ. ಆಗ ಹೆದರಿದವರು ಸುಣ್ಣಕಲ್ಲಿನ ಪುಡಿಯನ್ನು ಬೊಗಸೆಗಟ್ಟಲೆ ಹಾಕುತ್ತಾರೆ, ತಿಂಗಳೊಳಗೆ ಹುರುಪೆ ಶುರು. ಶೇ 40ರಷ್ಟು ತೌಡು ಇರುವ 100 ಕಿಲೋ ಮೇವಿಗೆ ಸುಣ್ಣಕಲ್ಲಿನ ಪುಡಿ 1.2 ಕಿಲೋ ಆಸುಪಾಸು ಸಾಕು. ಅಷ್ಟು ತೌಡಿನ ಜೊತೆ ಫೈಟೇಸ್ ಕಿಣ್ವ ಬೆರೆಸಿದರೆ, ರಂಜಕಕ್ಕಾಗಿ ಹಾಕುವ ಡಿಸಿಪಿಗೆ (ಡೈಕ್ಯಾಲ್ಸಿಯಂ ಫಾಸ್ಫೇಟ್) ದುಡ್ಡು ಸುರಿಯುವುದು ದಂಡ. ತೌಡಿನ ರಂಜಕದ ಬಹುಪಾಲು ಫೈಟೇಟಿನಲ್ಲಿ ಬೀಗ ಹಾಕಿಕೊಂಡಿರುವುದು ನಿಜ, ಆದರೆ 1991ರಿಂದ ಮಾರುಕಟ್ಟೆಯಲ್ಲಿರುವ ಫೈಟೇಸ್ ಕಿಣ್ವ ಆ ಬೀಗ ತೆಗೆಯುತ್ತದೆ, ಜೊತೆಗೆ ಸತುವನ್ನೂ ಬಿಡಿಸುತ್ತದೆ. ಸತುವಿಗೆ 100 ಕಿಲೋಗೆ 45 ಗ್ರಾಂ ಹರಳು ಜಿಂಕ್ ಸಲ್ಫೇಟ್ ಸಾಕು, ಅದರಿಂದ ಕಿಲೋಗೆ 100 ಮಿಲಿಗ್ರಾಂ ಸತು ಸಿಗುತ್ತದೆ. ಅದನ್ನು ನೇರವಾಗಿ ಮೂಟೆಗೆ ಸುರಿಯಬೇಡಿ. ಹರಳು ಪುಡಿ ಮಾಡಿ, ಮೊದಲು 1 ಕಿಲೋ ಜೋಳದ ಹಿಟ್ಟಿಗೆ, ಆಮೇಲೆ 10 ಕಿಲೋಗೆ, ಕಡೆಗೆ ಇಡೀ ರಾಶಿಗೆ ಕಲಸಿ.

ಅಗತ್ಯದಷ್ಟು ಕೊಡುವ ಹಂತ ದಾಟಿ ಖನಿಜವನ್ನೇ ಔಷಧಿ ಮಾಡಿದ್ದು ಮುಂದಿನ ಘಟ್ಟ. 1955ರಲ್ಲೇ ಇಂಗ್ಲೆಂಡಿನಲ್ಲಿ ಕಿಲೋ ಮೇವಿಗೆ 250 ಮಿಲಿಗ್ರಾಂ ತಾಮ್ರ ಕೊಟ್ಟರೆ ಹಂದಿ ಬೇಗ ಬೆಳೆಯುತ್ತದೆಂದು ಕಂಡುಕೊಂಡಿದ್ದರು. ಬೆಳೆಯುವ ಹಂದಿಯ ನಿಜವಾದ ಅಗತ್ಯ ಕಿಲೋ ಮೇವಿಗೆ ಹತ್ತು ಮಿಲಿಗ್ರಾಂ ಕೂಡ ಮೀರುವುದಿಲ್ಲ. 1989ರಲ್ಲಿ ಡೆನ್ಮಾರ್ಕಿನಿಂದ ಇನ್ನೊಂದು ವಿದ್ಯೆ ಬಂತು: ಹಾಲು ಬಿಡಿಸಿದ ಮರಿಗೆ ಎರಡು ವಾರ ಕಿಲೋಗೆ 2500 ಮಿಲಿಗ್ರಾಂ ಸತು, ಜಿಂಕ್ ಆಕ್ಸೈಡ್ ರೂಪದಲ್ಲಿ. ಭೇದಿ ನಿಂತಿತು. ಆದರೆ ಮರಿಯ ಮೈಗೆ ಸೇರಿದ್ದು ಸ್ವಲ್ಪ, ಉಳಿದದ್ದೆಲ್ಲ ಸಗಣಿಯ ಮೂಲಕ ಹೊಲಕ್ಕೆ. ಔಷಧಿಗೆ ಬಗ್ಗದ ರೋಗಾಣುಗಳೂ ಅದರ ನೆರಳಲ್ಲಿ ಬಲಿತವು. ಯುರೋಪಿನ ಒಕ್ಕೂಟ 2018ರಲ್ಲಿ ತಾಮ್ರದ ಮಿತಿ ಇಳಿಸಿತು, 2022ರ ಜೂನ್‌ನಲ್ಲಿ ಆ ಪ್ರಮಾಣದ ಸತುವನ್ನು ನಿಲ್ಲಿಸಿತು. ತಾಮ್ರ ಬೆರೆಸಿದ ಹಂದಿ ಮೇವು ಕುರಿಯ ಬಾಯಿಗೆ ಬೀಳಬಾರದು. ಹಂದಿ ಅರಗಿಸಿಕೊಳ್ಳುವಷ್ಟು ತಾಮ್ರವನ್ನು ಕುರಿಯ ಪಿತ್ತಜನಕಾಂಗ ತಡೆದುಕೊಳ್ಳುವುದಿಲ್ಲ.

ಇನ್ನು ಯಾರೂ ಅಳೆದು ಹಾಕದ ಖನಿಜ ಉಪ್ಪು. ಮೇವಿನಲ್ಲಿ ಶೇ 0.3–0.5 ಇದ್ದರೆ ಆಯಿತು, ಮುಸುರೆಯಲ್ಲಿ ಒಣಮೀನು, ಉಪ್ಪಿನಕಾಯಿ, ಸಾರು ಸೇರಿ ಅದೆಷ್ಟಿದೆಯೋ ಗೊತ್ತಾಗುವುದಿಲ್ಲ. ನೀರು ಧಾರಾಳವಾಗಿದ್ದರೆ ಹಂದಿ ತಡೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ನಲ್ಲಿ ಒಂದೆರಡು ದಿನ ನಿಂತರೆ ಕಣ್ಣು ಕಾಣದಂತಾಗಿ ಗೋಡೆಗೆ ತಲೆ ಒತ್ತುತ್ತದೆ, ನಾಯಿಯಂತೆ ಕುಳಿತು ಹಿಂದಕ್ಕೆ ಬೀಳುತ್ತದೆ. ನೀರು ಬಂದ ಸಂಭ್ರಮದಲ್ಲಿ ತೊಟ್ಟಿ ತುಂಬಿಸಿಬಿಟ್ಟರೆ ಮಿದುಳು ಊದಿ ಅಲ್ಲೇ ಸಾಯುತ್ತದೆ. ಮುಸುರೆ ನಿಲ್ಲಿಸಿ, ಪಶುವೈದ್ಯರನ್ನು ಕರೆಸಿ, ಅವರು ಬರುವ ತನಕ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಿರಬೇಕು.