ಮೆಟ್ಟಿಲ ಮೇಲೆ ಸುರಿದ ಎಣ್ಣೆ

ಹಾಳುಕೋಟೆಯ ಮೆಟ್ಟಿಲಿನಲ್ಲಿ ಆರು ಕುಳ್ಳ ರಾಕ್ಷಸ ಗಾಬ್ಲಿನ್‌ಗಳು ಅಟ್ಟಿಸಿಕೊಂಡು ಬರುತ್ತಿವೆ. ಆಟಗಾರ್ತಿಯೊಬ್ಬರು ಹೇಳುತ್ತಾರೆ: “ನನ್ನ ಚೀಲದಲ್ಲಿ ದೀಪದ ಎಣ್ಣೆ ಇದೆಯಲ್ಲ, ಅದನ್ನು ಮೆಟ್ಟಿಲ ಮೇಲೆ ಸುರಿಯುತ್ತೇನೆ.” ಮೇಜಿನ ಸುತ್ತ ಕುಳಿತವರೆಲ್ಲ ನನ್ನ ಮುಖ ನೋಡುತ್ತಾರೆ. ನನ್ನಂತೆ ಆಟ ನಡೆಸಿ ತೀರ್ಪು ಹೇಳುವ ಗೇಮ್ ಮಾಸ್ಟರ್‌ಗೆ ಕೊಡುವ ದುಡ್ಡು ಈ ಕ್ಷಣಕ್ಕಾಗಿಯೇ. ಉಳಿದದ್ದೆಲ್ಲ ಕಥೆ ಹೇಳುವುದು, ಚಹಾ ತರಿಸುವುದು.

ನಾವು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, ಆಟಗಾರರು ಒಂದೊಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ದಾಳದ ಆಟ. ಅದರ 2014ರ ಆವೃತ್ತಿಯಲ್ಲಿ ಎಣ್ಣೆಗೂ ನಿಯಮವಿದೆ. ಒಂದು ಕುಪ್ಪಿ ಸುರಿದರೆ ಐದು ಅಡಿ ಚದರ ಜಾಗ ತುಂಬುತ್ತದೆ. ಬೆಂಕಿ ಹಚ್ಚಿದರೆ ಎರಡು ಸುತ್ತು ಉರಿಯುತ್ತದೆ. ಒಳಗೆ ಕಾಲಿಟ್ಟವರಿಗೆ 5 ಅಂಕ ಹಾನಿ. ಆದರೆ ನೆಲ ಸಮತಟ್ಟಾಗಿರಬೇಕು ಎಂಬ ಷರತ್ತೂ ಇದೆ. ಮೆಟ್ಟಿಲು ಸಮತಟ್ಟೇ? ಪ್ರತಿ ಮೆಟ್ಟಿಲೂ ಹೌದು, ಮೆಟ್ಟಿಲ ಸಾಲು ಅಲ್ಲ. ಇಷ್ಟಾಗಿಯೂ ಆಕೆ ಕೇಳಿದ್ದಕ್ಕೆ, ಅಂದರೆ ಕಾಲು ಜಾರುತ್ತದೆಯೇ ಎಂಬುದಕ್ಕೆ, ಅಲ್ಲಿ ಉತ್ತರವೇ ಇಲ್ಲ. ನಿಯಮ ಸೂಕ್ಷ್ಮವಾದಷ್ಟೂ ತಕರಾರಿಗೆ ಹೊಸ ಹೊಸ ಅಂಚುಗಳು ಸಿಗುತ್ತವೆ.

ನಾನು ಪುಸ್ತಕ ಮುಚ್ಚಿದೆ. “ಗಾಬ್ಲಿನ್‌ಗಳು ಚುರುಕುತನದ ಮೇಲೆ 15 ಮುಟ್ಟಬೇಕು, ಇಲ್ಲವಾದರೆ ಬೀಳುತ್ತವೆ. ಸರಿಯೇ?” ಎಂದೆ. ಅವುಗಳ ಚುರುಕುತನಕ್ಕಾಗಿ ದಾಳದ ಅಂಕಕ್ಕೆ 2 ಸೇರುತ್ತದೆ. ಹಾಗಾಗಿ ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು. ಐದರಲ್ಲಿ ಮೂರು ಸಲ ಜಾರುತ್ತವೆ ಎಂದಾಯಿತು. ಈ ಲೆಕ್ಕವನ್ನು ದಾಳ ಉರುಳಿಸುವ ಮೊದಲೇ ಹೇಳಿಬಿಡುತ್ತೇನೆ. ಬೇಡವೆನಿಸಿದರೆ ಆಕೆ ಎಣ್ಣೆ ಉಳಿಸಿಕೊಳ್ಳಲಿ. ದಾಳ ಬಿದ್ದ ಮೇಲೆ ಹೇಳುವ ಸಂಖ್ಯೆಯನ್ನು ಯಾರೂ ನಂಬುವುದಿಲ್ಲ, ನಂಬಲೂ ಬಾರದು.

ನಿಯಮವೋ ತೀರ್ಪೋ ಎಂಬ ಈ ಜಗಳ ನಮ್ಮ ಆಟಕ್ಕಿಂತ ಹಳೆಯದು. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಿ ನಕ್ಷೆ, ದಾಳ, ಸಾವುನೋವು ಲೆಕ್ಕ ಹಾಕುವ ಕೋಷ್ಟಕ ಎಲ್ಲವೂ ಇದ್ದವು. ಕೋಷ್ಟಕಗಳ ಭಾರಕ್ಕೆ ಅಧಿಕಾರಿಗಳು ಬೇಸತ್ತರು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿ, ಇದೆಲ್ಲ ಬೇಡ, ತೀರ್ಪುಗಾರನ ಅನುಭವವೇ ಸಾಕು ಎಂದು ವಾದಿಸಿದ. ಆತ 1870ರ ಫ್ರಾನ್ಸ್ ಯುದ್ಧವನ್ನು ಪ್ರಷ್ಯಾದ ಸೇನಾ ಮುಖ್ಯಸ್ಥ ಮೋಲ್ಟ್ಕೆಯ ಸಿಬ್ಬಂದಿಯಲ್ಲಿದ್ದು ಕಂಡವನು. ಫಿರಂಗಿ ಗುಂಡು ಬಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹೀಗೆ ತೀರ್ಪುಗಾರನನ್ನು ನಂಬುವ ಪದ್ಧತಿ ಅಮೆರಿಕದ ಮಿನೆಸೊಟಾದಲ್ಲಿ ಯುದ್ಧದಾಟ ನಡೆಸುತ್ತಿದ್ದ ಡೇವಿಡ್ ವೆಸ್ಲಿಯ ಕೈಯಲ್ಲಿ ಹೊಸ ರೂಪ ಪಡೆಯಿತು. ಅವರ ಮೇಜಿನಲ್ಲಿ ಆಡಿದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆಗೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದರು. ಆಗ ಅದು ಮೂರು ತೆಳು ಕಿರುಹೊತ್ತಗೆ, ಅಷ್ಟೇ. ತುಂಬಬೇಕಾದ ಖಾಲಿ ಜಾಗ ಬೇಕಾದಷ್ಟಿತ್ತು.

2000ದಲ್ಲಿ ಬಂದ ಮೂರನೆಯ ಆವೃತ್ತಿ ಆ ಖಾಲಿ ಜಾಗವನ್ನೆಲ್ಲ ತುಂಬಲು ಹೊರಟಿತು. ಶತ್ರುವನ್ನು ತಬ್ಬಿ ಹಿಡಿಯಬೇಕೇ? ಮೊದಲು ಅವನು ನಿಮಗೊಂದು ಏಟು ಹಾಕಬಹುದು; ಆಮೇಲೆ ನೀವು ಮುಟ್ಟಿದಿರೋ ಇಲ್ಲವೋ ಎಂಬ ದಾಳ; ಆಮೇಲೆ ಇಬ್ಬರ ಬಲಾಬಲದ ದಾಳ, ಅದರಲ್ಲಿ ದೇಹದ ಗಾತ್ರಕ್ಕೆ ತಕ್ಕಂತೆ ನಾಲ್ಕು ನಾಲ್ಕು ಅಂಕಗಳ ವ್ಯತ್ಯಾಸ; ಗೆದ್ದರೂ ಅವನ ಜಾಗಕ್ಕೆ ಸರಿಯಬೇಕು. ಕುಸ್ತಿ ಶುರುವಾಗುವಷ್ಟರಲ್ಲಿ ಉಳಿದವರು ಮೊಬೈಲ್ ತೆಗೆದಿರುತ್ತಿದ್ದರು.

ಹಾಗೆಂದು ಎಲ್ಲವನ್ನೂ ತೀರ್ಪಿಗೆ ಬಿಡಿ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ವೆರ್ನ್ವಾ ಯುದ್ಧ ಕಂಡಿದ್ದ. ನಾನು ಗಾಬ್ಲಿನ್ ಕಂಡಿಲ್ಲ. ನನ್ನ ಅಳತೆಗೋಲು ಇಷ್ಟೇ: ಮೇಜಿನಲ್ಲಿರುವ ಎಲ್ಲರ ಮೈಗೆ ಗೊತ್ತಿರುವುದಕ್ಕೆ ತೀರ್ಪು, ಯಾರ ಮೈಗೂ ಗೊತ್ತಿಲ್ಲದ್ದಕ್ಕೆ ನಿಯಮ. ಒದ್ದೆ ಬಚ್ಚಲಲ್ಲಿ ಜಾರದವರು ಯಾರಿದ್ದಾರೆ? ಅಲ್ಲಿ ನಾನು 15 ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಮಂತ್ರದ ಬೆಂಕಿಯುಂಡೆ ಎಷ್ಟು ದೂರ ಹರಡುತ್ತದೆ? ಅದಕ್ಕೆ ಸಾಮಾನ್ಯ ಜ್ಞಾನ ಎಂಬುದಿಲ್ಲ. ಪುಸ್ತಕದಲ್ಲಿ ಇಪ್ಪತ್ತು ಅಡಿ ತ್ರಿಜ್ಯ ಎಂದು ಅಚ್ಚಾಗಿರುವುದರಿಂದಲೇ ಸ್ನೇಹಿತನನ್ನು ಸುಡದೆ ಶತ್ರುವನ್ನು ಸುಡುವ ಲೆಕ್ಕ ಸಾಧ್ಯ. ಅಪರಿಚಿತರು ಸೇರಿದ ಮೇಜಿನಲ್ಲೂ ನಾನು ಪುಸ್ತಕದ ಕಡೆಗೇ ವಾಲುತ್ತೇನೆ. ನನ್ನನ್ನು ಅವರು ಏಕೆ ನಂಬಬೇಕು?

ಎಣ್ಣೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರು ವಾರದ ನಂತರ ದರೋಡೆಕೋರರು ಇದೇ ಉಪಾಯ ಮಾಡಿದರು. ನಾನು ಮರೆತು, ಆಟಗಾರರು 20 ಮುಟ್ಟಬೇಕು ಎಂದೆ. ಅದೇ ಆಟಗಾರ್ತಿ ಕೇಳಿದರು: “ನಮ್ಮ ಎಣ್ಣೆಗಿಂತ ಕಳ್ಳರ ಎಣ್ಣೆಗೆ ಜಿಡ್ಡು ಹೆಚ್ಚೇ, ಸರ್?” ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕೇಳಿದ್ದರಲ್ಲಿ ನ್ಯಾಯವಿತ್ತು. ತೀರ್ಪನ್ನು ನೆನಪಿಟ್ಟುಕೊಳ್ಳದವನು ತೀರ್ಪು ಕೊಡುತ್ತಿಲ್ಲ, ಆ ಹೊತ್ತಿಗೆ ತೋಚಿದ್ದನ್ನು ಹೇಳುತ್ತಿದ್ದಾನೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೇಜಿನ ಮೇಲೆ ತೆರೆದೇ ಇರುತ್ತದೆ, ಯಾರು ಬೇಕಾದರೂ ಓದಬಹುದು. ಎಣ್ಣೆ 15. ಹೆಂಚಿನ ಮಾಡಿನ ಮೇಲೆ ಓಟ 10, ಮಳೆಯಲ್ಲಿ 15. ಅರಿವೆ ಕಟ್ಟಿದ ಬಾಯಲ್ಲಿ ಮಂತ್ರ ಹೇಳಲಾಗದು. ನಲವತ್ತು ಪುಟ ತುಂಬಿದೆ. ಪುಸ್ತಕಗಳನ್ನು ಬೈಯುತ್ತಾ ಬೈಯುತ್ತಾ ನಾನೇ ಒಂದನ್ನು ಬರೆಯುತ್ತಿದ್ದೇನೆ. ಕಳೆದ ವಾರ ನೋಡಿದರೆ ಎಣ್ಣೆಯ ಸಾಲಿನ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದರು: “ತುಪ್ಪಕ್ಕೆ?”