ಜೀಪಿನ ಆಂಟೆನಾಗೆ ಎಷ್ಟು ಅಡಿ ಕೇಬಲ್ ಬೇಕು?

ಹೋದ ಮಳೆಗಾಲದ ಕೊನೆಗೆ ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಜೀಪು ತಂದು ಶಿವಮೊಗ್ಗದ ನಮ್ಮ ಅಂಗಡಿ ಮುಂದೆ ನಿಲ್ಲಿಸಿದರು. ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಪರವಾನಗಿ, ಇರುವವರು. ಜೀಪಿನಲ್ಲಿ ಎರಡು ಮೀಟರ್ ಬ್ಯಾಂಡಿನ, ಅಂದರೆ 145 ಮೆಗಾಹರ್ಟ್ಸ್ ಸುಮಾರಿನ, ರೇಡಿಯೊ ಸೆಟ್ ಇದೆ. ಆಂಟೆನಾ ಕಡೆಯಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರೂ ಇದೆ. ಅದು 1ರ ಹತ್ತಿರ ಇದ್ದಷ್ಟೂ ಒಳ್ಳೆಯದು.

"ಮೀಟರ್ ಚೆನ್ನಾಗೇ ತೋರಿಸ್ತಿದೆ ಮಾರಾಯ್ರೇ. ಆದ್ರೆ ಗುಡ್ಡದ ಆಚೆಗೆ ಮಾತೇ ಮುಟ್ಟೋದಿಲ್ಲ. ಕೇಬಲ್ ಉದ್ದ ತಪ್ಪಾಗಿದ್ಯಾ?"

ಸೀಟಿನ ಕೆಳಗೆ ಕೈ ಹಾಕಿದೆ. ಸಿಂಬೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಟ್ಟ ಕೇಬಲ್ ಸಿಕ್ಕಿತು. ಆ ಜೀಪಿಗೆ ಬೇಕಾದದ್ದು 10 ಅಡಿ, ಅಲ್ಲಿ ಇದ್ದದ್ದು 18. ಯಾಕಿಷ್ಟು ಅಂತ ಕೇಳಿದರೆ, "18 ಅಡಿನೇ ಇರಬೇಕಂತೆ ಅಲ್ವಾ?" ಅಂದರು.

ಈ 18 ಅಡಿಯ ಮಾತು ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ. ಇದು ಅಮೆರಿಕದ ಲಾರಿ ಡ್ರೈವರುಗಳು ಬಳಸುವ ಸಿಬಿ ರೇಡಿಯೊದಿಂದ ಬಂದ ಲೆಕ್ಕ. ಸಿಬಿ ಕೆಲಸ ಮಾಡುವುದು 27 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಒಂದು ಅಲೆಯ ಉದ್ದ 11 ಮೀಟರ್, ಅರ್ಧ ಅಲೆ ಅಂದರೆ ಐದೂವರೆ ಮೀಟರ್. ಅದೇ 18 ಅಡಿ. ಕೇಬಲ್ ಸರಿಯಾಗಿ ಅರ್ಧ ಅಲೆಯಷ್ಟಿದ್ದರೆ ಆಂಟೆನಾದ ಬುಡದಲ್ಲಿ ಅಲೆಗೆ ಎಷ್ಟು ತಡೆ (ಇಂಪೆಡೆನ್ಸ್, ಓಮ್‌ನಲ್ಲಿ ಅಳೆಯುವುದು) ಇದೆಯೋ ಅಷ್ಟೇ ಸೆಟ್‌ನ ತುದಿಯಲ್ಲೂ ಕಾಣುತ್ತದೆ. ಇಷ್ಟು ನಿಜ.

ಆದರೆ 18 ಅಡಿ ಅನ್ನುವುದು ಗಾಳಿಯಲ್ಲಿ ಓಡುವ ಅಲೆಯ ಲೆಕ್ಕ. ಕೇಬಲಿನ ಒಳಗೆ ಅಲೆ ನಿಧಾನ. ನಾವೆಲ್ಲ ಬಳಸುವ ಆರ್‌ಜಿ-58 ಕೇಬಲಿನಲ್ಲಿ ನಡುತಂತಿಯ ಸುತ್ತ ಗಟ್ಟಿ ಪಾಲಿಥೀನ್ ಇರುತ್ತದೆ. ಅದರಲ್ಲಿ ವೇಗ ಗಾಳಿಯ ಶೇ. 66ರಷ್ಟು ಮಾತ್ರ. ಹಾಗಾಗಿ ಸಿಬಿಯ ಅರ್ಧ ಅಲೆಗೆ ಬೇಕಾದ ಕೇಬಲ್ 12 ಅಡಿ. 18 ಅಡಿಯ ನಿಯಮ ತನ್ನ ಲೆಕ್ಕದಲ್ಲೇ ತಪ್ಪಿದೆ. ಇನ್ನು 145 ಮೆಗಾಹರ್ಟ್ಸ್‌ನ ಸೆಟ್‌ಗೆ ಆ ಲೆಕ್ಕ ತಂದು ಹಾಕುವುದಕ್ಕೆ ಅರ್ಥವೇ ಇಲ್ಲ. ಅಷ್ಟಕ್ಕೂ ಸೆಟ್ 50 ಓಮ್, ಕೇಬಲ್ 50 ಓಮ್, ಆಂಟೆನಾನೂ 50ರ ಹತ್ತಿರ ಇದ್ದರೆ ಯಾವ ಅಡಿಯಲ್ಲಿ ಕತ್ತರಿಸಿದರೂ ಅದೇ 50 ಕಾಣುತ್ತದೆ. ಒಂದೇ ಗಾಡಿಯಲ್ಲಿ ಎರಡು ಆಂಟೆನಾ ಜೋಡಿಸುವವರಿಗೆ ಮಾತ್ರ ಅಳತೆ ಮುಖ್ಯ. ಅಲ್ಲಿ ಎರಡೂ ಕೇಬಲ್ ಸರಿಸಮ ಇರಲೇಬೇಕು.

ಹಾಗಾದರೆ ಎಷ್ಟು ಉದ್ದ? ನಾನು ಒಂದು ಸಣಬಿನ ದಾರ ಹಿಡಿಯುತ್ತೇನೆ. ಸೆಟ್‌ನ ಹಿಂಭಾಗದಿಂದ ಹೊರಟು, ಮ್ಯಾಟಿನ ಅಡಿಗೆ, ಬಾಗಿಲ ಅಂಚಿನಲ್ಲಿ, ಆಂಟೆನಾದ ಬುಡದವರೆಗೆ ಕೇಬಲ್ ಹೋಗುವ ದಾರಿಯಲ್ಲೇ ದಾರ ಓಡಿಸುವುದು. ಎರಡೂ ತುದಿಗೆ ಒಂದೊಂದು ಗೇಣು ಸೇರಿಸುವುದು. ಮುಂದೆ ಕನೆಕ್ಟರ್ ಕತ್ತರಿಸಿ ಹೊಸದು ಹಾಕುವ ದಿನ ಬರುತ್ತದೆ, ಆಗ ಆ ಗೇಣು ಬೇಕು. ಅಷ್ಟೇ ಉದ್ದ.

ಜಾಸ್ತಿ ಇದ್ದರೆ ಏನು ನಷ್ಟ ಅಂತ ಕೇಳುತ್ತಾರೆ. ಒಳ್ಳೆಯ ಆರ್‌ಜಿ-58 ಕೇಬಲ್ ಇದ್ದರೆ 145 ಮೆಗಾಹರ್ಟ್ಸ್‌ನಲ್ಲಿ 18 ಅಡಿ ದಾಟುವಾಗ ಐದರಲ್ಲಿ ಒಂದು ಪಾಲು ಪವರ್ ಕೇಬಲಿನಲ್ಲೇ ಬಿಸಿಯಾಗಿ ಹೋಗುತ್ತದೆ. 10 ಅಡಿಗೆ ಎಂಟರಲ್ಲಿ ಒಂದು ಪಾಲು. ವ್ಯತ್ಯಾಸ ದೊಡ್ಡದಲ್ಲ. 27 ಮೆಗಾಹರ್ಟ್ಸ್‌ನಲ್ಲಂತೂ ಇನ್ನೂ ಕಡಿಮೆ. ಮಿಕ್ಕ ಕೇಬಲನ್ನು ನಾನು ತೆಗೆಸುವುದು ಮುಖ್ಯವಾಗಿ ಅದು ಸೀಟಿನ ಕೆಳಗೆ ಸಿಕ್ಕಿ ಜಜ್ಜಿಹೋಗುತ್ತದೆ ಅಂತ. ಟಿವಿ ಕೇಬಲ್ ಮಾತ್ರ ಬೇಡ. ಅದು 75 ಓಮ್, ಮೇಲಾಗಿ ಅದರ ಹೊರಕವಚದ ಒಳಗೆ ಹೆಣೆದ ಅಲ್ಯುಮಿನಿಯಂ ಜಾಲರಿಗೆ ಬೆಸುಗೆ ಹಿಡಿಯುವುದಿಲ್ಲ.

"ಕೇಬಲ್ ಉದ್ದ ಬದಲಿಸಿದ್ರೆ ಎಸ್‌ಡಬ್ಲ್ಯೂಆರ್ ಬದಲಾಗುತ್ತಲ್ಲ ಸಾರ್" ಅನ್ನುವವರೂ ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಹಾಗೆ ಆಗುತ್ತಿದ್ದರೆ ಅಲೆ ಕೇಬಲಿನ ಒಳಗೆ ಮಾತ್ರ ಹರಿಯದೆ ಜಾಲರಿಯ ಹೊರಮೈ ಮೇಲೂ ಹರಿಯುತ್ತಿದೆ ಅಂತ ಅರ್ಥ. ಕೇಬಲೇ ಆಂಟೆನಾದ ಭಾಗವಾಗಿಬಿಟ್ಟಿದೆ. ಪವರ್ ಕಡಿಮೆ ಮಾಡಿ, ಮಾತಾಡುತ್ತಾ ಕೇಬಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಮೀಟರಿನ ಮುಳ್ಳು ಅಲ್ಲಾಡಿದರೆ ಕಾಯಿಲೆ ಇದೇ. ಇದಕ್ಕೆ ಕಾರಣ ಹೆಚ್ಚಾಗಿ ಬಾಡಿ ಅರ್ತ್. ಆಂಟೆನಾ ಕೂರಿಸಿದ ಪಟ್ಟಿಯ ಕೆಳಗೆ ಪೇಂಟ್ ಹಾಗೇ ಇರುತ್ತದೆ, ಇಲ್ಲಾ ತುಕ್ಕು ಕೂತಿರುತ್ತದೆ. ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ಆಮೇಲೆ ಉದ್ದದ ಮಾತೇ ಬರುವುದಿಲ್ಲ.

ಹೊಸನಗರದ ಜೀಪಿನ ಅರ್ತ್ ಸರಿಯಾಗಿತ್ತು. ಎಸ್‌ಡಬ್ಲ್ಯೂಆರ್ 1.2 ತೋರಿಸುತ್ತಿತ್ತು. ನನಗೆ ಅನುಮಾನ ಬಂದದ್ದೇ ಅಲ್ಲಿ. ಅಷ್ಟು ಚಂದದ ಮೀಟರ್, ಆದರೆ ಮಾತು ಮುಟ್ಟುವುದಿಲ್ಲ.

ಮೇಲಿನ ಆಂಟೆನಾ ಬಿಚ್ಚಿಟ್ಟು, ಪವರ್ ತೀರಾ ಕಡಿಮೆ ಮಾಡಿ, ಒಂದೇ ಕ್ಷಣ ಸ್ವಿಚ್ ಒತ್ತಿದೆ. ತುದಿಯಲ್ಲಿ ಏನೂ ಇಲ್ಲದಾಗ ಪವರ್ ವಾಪಸ್ ಬರಬೇಕು, ಮುಳ್ಳು ಕೊನೆಯ ಕಡೆಗೆ ಹಾರಬೇಕು. ಇಲ್ಲಿ 2ರ ಹತ್ತಿರ ನಿಂತಿತು. ಹೋಗುವಾಗ ಮೂರರಲ್ಲಿ ಎರಡು ಪಾಲನ್ನು ಕೇಬಲೇ ನುಂಗಿದೆ, ಬರುವಾಗ ಉಳಿದದ್ದರಲ್ಲಿ ಮತ್ತೆ ಅಷ್ಟೇ ನುಂಗಿದೆ. ವಾಪಸ್ ಬರುವುದಕ್ಕೆ ಏನೂ ಉಳಿಯದಿದ್ದರೆ ಮೀಟರ್ ಚೆನ್ನಾಗೇ ತೋರಿಸುತ್ತದೆ.

ಮೇಲಿನ ಕನೆಕ್ಟರಿನಿಂದ ಒಂದು ಮೊಳ ಕೆಳಗೆ ಬ್ಲೇಡಿನಿಂದ ಹೊರಕವಚ ಸೀಳಿದೆ. ತಾಮ್ರದ ಜಾಲರಿ ಕಪ್ಪಾಗಿತ್ತು. ನಡುನಡುವೆ ಹಸಿರು ಕಿಲುಬು. ಬೆರಳಲ್ಲಿ ಒತ್ತಿದರೆ ನೀರು ಒಸರಿತು. ಅವರು ಬಗ್ಗಿ ನೋಡಿ, "ಅಯ್ಯೋ, ಇಷ್ಟು ಒಳಗೆ ಹೋಗಿದ್ಯಾ?" ಅಂದರು. ಹೋಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಆ ಜಾಲರಿ ನೀರನ್ನು ಅಡಿಗಟ್ಟಲೆ ಎಳೆದುಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೊಸನಗರದ ಘಟ್ಟದ ಅಂಚಿನಲ್ಲೂ ಮಳೆಗೆ ಕೊರತೆಯಿಲ್ಲ. ಕೇಬಲಿನ ತುದಿಗೆ ಹಾಕುವ ಪಿಎಲ್-259 ಕನೆಕ್ಟರ್ ನೀರು ತಡೆಯುವ ಜಾತಿಯದ್ದೇ ಅಲ್ಲ. ಇಲ್ಲಿ ಅದನ್ನು ಬರಿಮೈಯಲ್ಲಿ ಬಿಟ್ಟರೆ ಒಂದು ಮಳೆಗಾಲ ಸಾಕು.

ಹೊಸ ಕೇಬಲ್ ಹಾಕಿದೆ, 11 ಅಡಿ. ಕನೆಕ್ಟರಿಗೆ ಎಳೆದರೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿದೆ, ಕೆಳಗಿನಿಂದ ಮೇಲಕ್ಕೆ. ಮಾಡಿಗೆ ಹಂಚು ಹೊದಿಸುವಾಗ ಸೂರಿನಿಂದ ಶುರು ಮಾಡುತ್ತೇವಲ್ಲ, ಹಾಗೆ. ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ ನೀರು ಜಾರಿ ಹೋಗುತ್ತದೆ. ಅದರ ಮೇಲೆ ಮಾಮೂಲಿ ಕಪ್ಪು ಟೇಪ್. ಹುಳಿ ವಾಸನೆ ಬರುವ ಸಿಲಿಕೋನ್ ಹಚ್ಚಬೇಡಿ, ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಗಾಡಿಯೊಳಗೆ ಹೋಗುವ ತೂತಿಗಿಂತ ನಾಲ್ಕು ಬೆರಳು ಕೆಳಗೆ ಅದನ್ನು ಇಳಿಬಿಟ್ಟು, ಮತ್ತೆ ಮೇಲೆ ತಂದು ಒಳಗೆ ತೂರಿಸಿದೆ. ಮಳೆ ನೀರು ಕೇಬಲ್ ಹಿಡಿದು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಮೀಟರ್ ಈಗ 1.4 ತೋರಿಸಿತು. ಮೊದಲಿಗಿಂತ ಜಾಸ್ತಿ. ಅವರಿಗೆ ಸ್ವಲ್ಪ ಕಸಿವಿಸಿ ಆಯಿತು. ಇದು ಆಂಟೆನಾದ ನಿಜವಾದ ಲೆಕ್ಕ, ಇಷ್ಟು ದಿನ ನೀರು ಅದನ್ನು ಮುಚ್ಚಿಟ್ಟಿತ್ತು ಅಂತ ತೋರಿಸಿ ಹೇಳಿದೆ. ಮರುದಿನ ಸಂಜೆ ಫೋನ್ ಬಂತು. ಮನೆ ಹಿಂದಿನ ಗುಡ್ಡದ ಆಚೆಯ ಗೆಳೆಯರು ಸ್ಪಷ್ಟವಾಗಿ ಕೇಳಿಸಿದರಂತೆ. ಮುಂದಿನ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಟೇಪ್ ಬಿಚ್ಚಿ ಜಾಲರಿ ಇನ್ನೂ ಹೊಳೆಯುತ್ತಿದೆಯಾ ನೋಡೋಣ, ಗಾಡಿ ತನ್ನಿ ಅಂತ ಹೇಳಿದ್ದೇನೆ.