ಅರೆಪರಿಚಯದವರೇ ಕೆಲಸಕ್ಕೆ ಬರೋದು

ನೆಟ್‌ವರ್ಕಿಂಗ್, ಅಂದರೆ ಕೆಲಸಕ್ಕಾಗಿ ಪರಿಚಯ ಬೆಳೆಸೋದು, ಅಂದ ಕೂಡಲೇ ನಮ್ಮ ಹುಡುಗರು ಮುಖ ಸಿಂಡರಿಸುತ್ತಾರೆ. 'ಅಂದ್ರೆ ವಶೀಲಿ ತಾನೇ ಸರ್?' ಬೆಂಗಳೂರಿನ ಕಂಪನಿಗಳಿಗೆ ಜನರನ್ನು ಆರಿಸಿ ಕೊಡುವ ಕೆಲಸಕ್ಕೆ ಸೇರಿದಾಗಿನಿಂದ ಈ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಲೇ ಇದೆ. ವಶೀಲಿ ಇದ್ದಲ್ಲಿ ಸಂದರ್ಶನ ಬರೀ ನಾಟಕ. ರೆಫರಲ್ ಅಂದರೆ ಕಂಪನಿಯ ಒಳಗಿನವರೊಬ್ಬರು ನಿಮ್ಮ ಹೆಸರು ಸೂಚಿಸೋದು. ಅದರಿಂದ ನಿಮ್ಮ ರೆಸ್ಯೂಮೆ ರಾಶಿಯ ತಳದಿಂದ ಮೇಲಕ್ಕೆ ಬರುತ್ತದೆ, ಅಷ್ಟೇ. ಆಮೇಲೆ ನಿಮ್ಮ ಪಾಡು ನಿಮ್ಮದು.

ಆ ರಾಶಿ ಸಣ್ಣದಲ್ಲ. ಇವತ್ತು ಲಿಂಕ್ಡ್‌ಇನ್‌ನಲ್ಲೋ ನೌಕ್ರಿಯಲ್ಲೋ ಜಾಹೀರಾತು ಹಾಕಿದರೆ ನಾಳೆ ಬೆಳಿಗ್ಗೆಗೆ ನೂರಾರು ಅರ್ಜಿ. ಐವತ್ತು-ಅರವತ್ತು ನೋಡುವಷ್ಟರಲ್ಲಿ ಐದಾರು ಜನ ಸಿಕ್ಕಿಬಿಡುತ್ತಾರೆ. ಉಳಿದವನ್ನು ಎಷ್ಟೋ ಸಲ ತೆರೆಯುವುದೇ ಇಲ್ಲ. ಹೇಳೋಕೆ ನನಗೂ ಮುಜುಗರ. ಆದರೆ ಒಳಗಿನವರು ಕಳಿಸಿದ ರೆಸ್ಯೂಮೆ ನೋಡದೆ ಬಿಡುವಂತಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಿಕ್ಕಿ 'ಏನಾಯ್ತು?' ಅಂತ ಕೇಳುತ್ತಾರಲ್ಲ!

ಯಾರನ್ನು ಕೇಳೋದು? ಜೀವದ ಗೆಳೆಯರನ್ನಂತೂ ಕೇಳಿಯೇ ಇರುತ್ತೀರಿ. ಸುಮಾರು 1970ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಕೆಲಸ ಬದಲಿಸಿದವರನ್ನು ಮಾತಾಡಿಸಿದರು. ಪರಿಚಯದಿಂದ ಕೆಲಸ ಸಿಕ್ಕವರ ಪೈಕಿ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ 17 ಮಂದಿ ಮಾತ್ರ. ಮಿಕ್ಕವರಿಗೆ ಯಾವಾಗಲೋ ಒಮ್ಮೆ ಸಿಗುವವರೇ ದಾರಿ ತೋರಿಸಿದ್ದರು. 2022ರಲ್ಲಿ ಪ್ರಕಟವಾದ, ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಅಧ್ಯಯನದಲ್ಲೂ ಆಪ್ತರಿಗಿಂತ ಅರೆಪರಿಚಯದವರದೇ ಕೈ ಮೇಲಾಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ರೂಮ್‌ಮೇಟ್‌ಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಹಳೇ ಆಫೀಸಿನಲ್ಲಿ ಲಿಫ್ಟ್‌ನಲ್ಲಿ ಸಿಗುತ್ತಿದ್ದ ಪಕ್ಕದ ಟೀಮಿನವರು ಓಡಾಡುವ ಲೋಕವೇ ಬೇರೆ, ಅಲ್ವಾ?

ಆದರೆ ಕೇಳುವ ರೀತಿ ಬೇಕು. ನನಗೆ ದಿನಾ ಬರುವ ಮೆಸೇಜು, 'ಹಾಯ್ ಸರ್, ಎನಿ ಓಪನಿಂಗ್ಸ್?' ಇದಕ್ಕೆ ಏನಂತ ಹೇಳಲಿ? ಹುಬ್ಬಳ್ಳಿಯ ಹುಡುಗಿಯೊಬ್ಬಳು ಒಮ್ಮೆ ಬರೆದದ್ದು ಹೀಗಿತ್ತು: 'ಸರ್, ನಮ್ಮ ಕಾಲೇಜಿಗೆ ಬಂದು ಮಾತಾಡಿದ್ದಿರಿ. ಎರಡು ವರ್ಷದಿಂದ ಪೇರೋಲ್ ನೋಡ್ತಿದ್ದೇನೆ. ಡೇಟಾ ಅನಾಲಿಸ್ಟ್ ಆಗೋಕೆ ಎಕ್ಸೆಲ್ ಸಾಕಾ, ಎಸ್‌ಕ್ಯೂಎಲ್ ಬೇಕೇ ಬೇಕಾ? ಹತ್ತು ನಿಮಿಷ ಫೋನ್ ಮಾಡಬಹುದಾ?' ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಈ ಎಸ್‌ಕ್ಯೂಎಲ್, ಅದನ್ನು ಕಲಿಯಮ್ಮ ಅಂದೆ. ಮೂರು ತಿಂಗಳಾದ ಮೇಲೆ 'ಕಲಿತೆ ಸರ್' ಅಂತ ತಾನು ಮಾಡಿದ ರಿಪೋರ್ಟನ್ನೇ ಕಳಿಸಿದಳು. ಅದೇ ವಾರ ಒಬ್ಬ ಮ್ಯಾನೇಜರ್ ಅಂಥವರನ್ನು ಹುಡುಕುತ್ತಿದ್ದರು. ಥಟ್ಟನೆ ಇವಳ ಹೆಸರು ನೆನಪಾಯಿತು. ಅಲ್ಲಿ ಸಂದರ್ಶನದಲ್ಲಿ ಪಾಸಾಗಲಿಲ್ಲ, ಅದೂ ನಿಜ. ಸಂದರ್ಶನ ಮಾಡಿದವರೇ ಇನ್ನೊಂದು ಕಂಪನಿಗೆ ಹೇಳಿದರು, ಅಲ್ಲಿ ಆಯಿತು.

ತೊಂದರೆ ಕೊಡ್ತಿದ್ದೀವೇನೋ ಅಂತ ಹಿಂಜರಿಯಬೇಡಿ. ತಾವು ಹೆಸರು ಸೂಚಿಸಿದ ವ್ಯಕ್ತಿ ಕೆಲಸಕ್ಕೆ ಸೇರಿಕೊಂಡರೆ, ಸೂಚಿಸಿದ ನೌಕರರಿಗೆ ಎಷ್ಟೋ ಕಂಪನಿಗಳು ಬೋನಸ್ ಕೊಡುತ್ತವೆ. ಅದಕ್ಕೇ, ರೆಫರಲ್‌ಗೆ ನಿಮ್ಮಿಂದಲೇ ದುಡ್ಡು ಕೇಳುವವರು ಸಿಕ್ಕಿದರೆ ಸುಮ್ನೆ ನಂಬರ್ ಬ್ಲಾಕ್ ಮಾಡಿ.